ಪತ್ತನಾಜೆಯ ಮರುದಿನ

2025 ಮೇ 25, ಭಾನುವಾರ

ನಿನ್ನೆ ಪತ್ತನಾಜೆ, ಯಕ್ಷಗಾನ ಮೇಳಗಳು ವರ್ಷದ ಆಟ ನಿಲ್ಲಿಸುವ ದಿನ. ರಾತ್ರಿ ಕೊನೆಯ ಸೇವೆಯಾಟ ಮುಗಿಸಿ ದೇವರ ಎದುರು ಗೆಜ್ಜೆ ಬಿಚ್ಚಿದೆವು. ಮೇಳಕ್ಕೆ ಸೇರಿ ನನ್ನ ಮೊದಲ ತಿರುಗಾಟ, ಊರೂರು ಸುತ್ತಿ ಆಟ ಆಡುವ ಕಾಲ, ಮುಗಿಯಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಪುತ್ತೂರಿಗೆ ಬಂದು, ಅಲ್ಲಿಂದ ಮನೆಗೆ ನಡೆಯುವಾಗ ಪೂರ್ತಿ ಒದ್ದೆಯಾದೆ. ಈ ಸಲ ಮಳೆ ತುಂಬ ಬೇಗ. ನಿನ್ನೆಯೇ ಕೇರಳಕ್ಕೆ ಮುಂಗಾರು ಬಂದಾಯಿತಂತೆ.

ಜಗಲಿಯಲ್ಲಿ ಅಪ್ಪ ಕೂತಿದ್ದರು. ತಲೆ ಒರೆಸಿಕೋ ಅಂದರು. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅದೇ ಪ್ರಶ್ನೆ ಬಂತು, ಹೋದ ವರ್ಷ ಕೆಲಸ ಬಿಡುತ್ತೇನೆ ಅಂದ ದಿನ ಕೇಳಿದ್ದೇ: "ಮಳೆಗಾಲಕ್ಕೆ ಎಂತ ಮಾಡ್ತಿ?"

ಬಿ.ಕಾಂ. ಮುಗಿಸಿ ಮಂಗಳೂರಿನಲ್ಲಿ ಎರಡು ವರ್ಷ ಅಕೌಂಟ್ಸ್ ಕೆಲಸ ಮಾಡಿದ್ದೆ. ಕೆಲಸ ಕೆಟ್ಟದ್ದೇನಲ್ಲ. ಆದರೆ ವಾರದಲ್ಲಿ ಮೂರು ರಾತ್ರಿ ಯಕ್ಷಗಾನದ ಆಟ ನೋಡಿ, ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತಾಗಲೂ ಕಿವಿಯಲ್ಲಿ ಚೆಂಡೆಯೇ ಕೇಳುತ್ತಿತ್ತು. ಹನ್ನೆರಡನೇ ವರ್ಷಕ್ಕೆ ಯಕ್ಷಗಾನದ ಹೆಜ್ಜೆ ಕಲಿಯಲು ಶುರು ಮಾಡಿದವನು ನಾನು. ಈಗ ಹೋಗದಿದ್ದರೆ ಕಾಲಿನ ಶಕ್ತಿ ಇಳಿದ ಮೇಲೆ ಹೋಗಿ ಏನು ಮಾಡುವುದು, ಅಲ್ವಾ?

ಅಪ್ಪನಿಗೆ ಯಕ್ಷಗಾನ ಇಷ್ಟವಿಲ್ಲ ಅಂತ ಯಾರಾದರೂ ಅಂದುಕೊಂಡರೆ ತಪ್ಪು. ನನಗೆ ಆಟದ ಹುಚ್ಚು ಹಿಡಿಸಿದ್ದೇ ಅವರು. ಗದ್ದೆಯಲ್ಲಿ ಚಾಪೆ ಹಾಸಿ ಮಲಗಿಸಿ, ದೇವಿ ಮಹಾತ್ಮೆಯ ಮಹಿಷಾಸುರ ದೊಂದಿ ಬೆಳಕಿನಲ್ಲಿ, ರಾಳದ ಬೆಂಕಿ ಹಾರಿಸುತ್ತಾ ಸಭೆಯ ನಡುವಿನಿಂದ ಬರುವ ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತಿದ್ದರು. 2012ರಲ್ಲಿ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದಾಗ ಪೇಪರಿನ ಚಿತ್ರ ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದರು. ನಮ್ಮದು ತೆಂಕುತಿಟ್ಟು, ಅವರದು ಬಡಗುತಿಟ್ಟು, ಯಕ್ಷಗಾನದ ಬೇರೆ ಬೇರೆ ಶೈಲಿ, ಆದರೂ. ಹೋದ ವರ್ಷ ಜಗಳದ ಮಧ್ಯೆ ನಾನು ಆ ಚಿತ್ರವನ್ನೇ ತೋರಿಸಿದೆ. "ಅಂಥವರು ಎಷ್ಟು ಜನ, ಲೆಕ್ಕ ಹಾಕು. ನೀನು ಅಕೌಂಟ್ಸ್ ಕಲಿತವನಲ್ವಾ" ಅಂದರು. ನನಗೆ ಮಾತು ಬರಲಿಲ್ಲ.

ಅವರ ಕಣ್ಣ ಮುಂದೆ ಇರುವುದು ಚಿಟ್ಟಾಣಿಯವರಲ್ಲ, ಸಣ್ಣಜ್ಜ. ಅಜ್ಜನ ತಮ್ಮ. ಪುಂಡುವೇಷದಲ್ಲಿ, ಅಂದರೆ ಹುರುಪಿನ ಎಳೆಯ ವೀರರ ಪಾತ್ರಗಳಲ್ಲಿ, ಒಳ್ಳೆಯ ಹೆಸರು, ಅಭಿಮನ್ಯು ಮಾಡಿದರೆ ಜನ ಏಳುತ್ತಿರಲಿಲ್ಲವಂತೆ. ಮೇಳ ನಿಂತ ಮೇಲೆ ಆರು ತಿಂಗಳು ಮನೆಯಲ್ಲಿ ಬೀಡಿ ಕಟ್ಟುವುದು. ಜೋರು ಮಳೆಯ ಆಟಿ ತಿಂಗಳಲ್ಲಿ ಅದೂ ಸಾಲದೆ, ಸಣ್ಣ ಹುಡುಗನಾಗಿದ್ದ ಅಪ್ಪನ ಕೈಯಲ್ಲಿ ಪಾತ್ರೆ ಕೊಟ್ಟು ಅಂಗಡಿಗೆ ಅಕ್ಕಿ ಸಾಲ ತರಲು ಕಳಿಸುತ್ತಿದ್ದರು. ಅಂಗಡಿಯವನು ಎಲ್ಲರ ಎದುರು ಹಳೇ ಬಾಕಿ ಓದಿ ಹೇಳುತ್ತಿದ್ದನಂತೆ. ನಲವತ್ತು ದಾಟುವ ಮೊದಲೇ ಸಣ್ಣಜ್ಜನ ಮಂಡಿ ಹೋಯಿತು. ಆಮೇಲೆ ವೇಷವಿಲ್ಲ. ಇದನ್ನೆಲ್ಲ ಅಪ್ಪ ನನಗೆ ಹೇಳಿದ್ದಲ್ಲ, ಅಮ್ಮ ಹೇಳಿದ್ದು.

ಈ ವರ್ಷ ಅಪ್ಪ ನನ್ನ ವೇಷ ನೋಡಲು ಬಂದದ್ದು ಒಂದೇ ಸಲ, ಮಾರ್ಚಿನಲ್ಲಿ. ಹೊಸಬ ನಾನು. ಕಥೆಗೆ ಮೊದಲಿನ ಪೂರ್ವರಂಗದಲ್ಲಿ ಬಾಲಗೋಪಾಲ, ಆಮೇಲೆ ಪ್ರಸಂಗದಲ್ಲಿ ಸಣ್ಣ ಪಾತ್ರಗಳು. ಆ ದಿನ ಹಿರಿಯರೊಬ್ಬರಿಗೆ ಜ್ವರ ಬಂದು ನನಗೆ ಬಬ್ರುವಾಹನ ಸಿಕ್ಕಿತು. ವೇಷ ಕಟ್ಟುವ ಚೌಕಿಯಲ್ಲಿ ಕನ್ನಡಿ ಮುಂದೆ ಕೂತು ಬಣ್ಣ ಹಾಕುವಾಗ ಕೈ ನಡುಗುತ್ತಿತ್ತು. ರಂಗಕ್ಕೆ ಹೋಗಿ ಚೆಂಡೆ ಏರಿದ ಮೇಲೆ ಏನೂ ಗೊತ್ತಾಗಲಿಲ್ಲ. ಸುಮ್ನೆ ಕುಣಿದೆ. ಆ ಹತ್ತು ನಿಮಿಷಕ್ಕಾಗಿ ನಾನು ಕೆಲಸ ಬಿಟ್ಟದ್ದು, ಬೇರೆ ಹೇಗೆ ಹೇಳಬೇಕೋ ಗೊತ್ತಿಲ್ಲ. ಅಪ್ಪ ಚೌಕಿಗೆ ಬರಲಿಲ್ಲ, ಹಾಗೇ ಮನೆಗೆ ಹೋದರು. "ಧೀಂಗಿಣ ಹಾರಿ ಇಳಿಯುವಾಗ ಎಡ ಮಂಡಿಗೆ ಭಾರ ಜಾಸ್ತಿ ಹಾಕ್ತಾನೆ" ಅಂತ ಅಮ್ಮನ ಹತ್ತಿರ ಹೇಳಿದರಂತೆ. ಧೀಂಗಿಣ ಅಂದರೆ ಹಾರಿ ಸುತ್ತುವ ಕುಣಿತ. ಅಷ್ಟೇ.

ಅದಕ್ಕೆ ಇವತ್ತು ನಾನು ಜಗಳ ಮಾಡಲಿಲ್ಲ. ನೋಟ್‌ಬುಕ್ ತಂದು ತೋರಿಸಿದೆ. ಜೂನ್‌ನಿಂದ ಚಿಕ್ಕಮೇಳ: ಸಂಜೆ ಎರಡು ವೇಷ, ಭಾಗವತರು, ಚೆಂಡೆ, ಮದ್ದಳೆ, ಮನೆ ಮನೆಗೆ ಹೋಗಿ ಹತ್ತು-ಹದಿನೈದು ನಿಮಿಷದ ಕಥೆ ಆಡುವುದು. ಹಗಲು ಪೇಟೆಯ ಎರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವುದು. ಶನಿವಾರ ಮಕ್ಕಳಿಗೆ ಹೆಜ್ಜೆ ಕಲಿಸುವುದು. ಮೇಳದ ಸಂಬಳವನ್ನೂ ಸೇರಿಸಿ ವರ್ಷಕ್ಕೆ ಭಾಗ ಮಾಡಿದರೆ, ಮಂಗಳೂರಿನಲ್ಲಿ ಸಿಗುತ್ತಿದ್ದುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ.

ಅಪ್ಪ ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿದರು. ಒಂದು ಕಡೆ ನಾನು ಕೂಡಿಸಿದ್ದು ತಪ್ಪಿತ್ತು, ಅದನ್ನು ತಿದ್ದಿದರು. ಪುಸ್ತಕ ವಾಪಸ್ ಕೊಟ್ಟು ಹೇಳಿದರು: "ಇದು ಒಂದು ಮಳೆಗಾಲದ್ದು. ಮೂವತ್ತು ಮಳೆಗಾಲದ್ದು ಬರೆದು ತಾ. ಮಂಡಿ ಹೋದ ಮೇಲಿನದ್ದೂ ಸೇರಿಸಿ."

ಆ ಲೆಕ್ಕ ನನ್ನ ಹತ್ತಿರ ಇಲ್ಲ. ಇಲ್ಲ ಅಂತಲೇ ಹೇಳಿದೆ. ಅವರು ಏನೂ ಅನ್ನದೆ ಕೊಡೆ ತೆಗೆದುಕೊಂಡು ತೋಟದ ಕಡೆ ಹೋದರು.

ಈಗ ರಾತ್ರಿ ಹತ್ತು ಗಂಟೆ. ಮಳೆ ಬಿಟ್ಟಿಲ್ಲ. ಎಡ ಮಂಡಿ ನಿಜವಾಗಿಯೂ ನೋಯುತ್ತಿದೆ, ಮನೆಯಲ್ಲಿ ಹೇಳಿಲ್ಲ. ನಾಳೆ ಡಾಕ್ಟರಿಗೆ ತೋರಿಸಬೇಕು. ಸಂಜೆ ಚಿಕ್ಕಮೇಳದ ಅಭ್ಯಾಸ ಇದೆ, ಇಬ್ಬರು ವೇಷಧಾರಿಗಳಲ್ಲಿ ಸ್ತ್ರೀವೇಷ ನನ್ನದು. ಅದಕ್ಕೆ ಧೀಂಗಿಣ ಬೇಡ.