ಫೋನಿನಲ್ಲೇ ಮುಗಿದ ಬ್ಲಾಕ್ ಪ್ಲೇಸ್‌ಮೆಂಟ್

ಕಾಲೇಜಿನ ದಿನಗಳ ಬಗ್ಗೆ ಏನಾದರೂ ಬರೆದುಕೊಡಮ್ಮ ಅಂತ ಮೇಡಂ ಮೆಸೇಜ್ ಮಾಡಿದಾಗ ನಗು ಬಂತು. ನಮ್ಮದು 2019–21ರ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯ ಸ್ನಾತಕೋತ್ತರ ಪದವಿಯ ಬ್ಯಾಚ್. ತುಮಕೂರಿನ ಕ್ಲಾಸ್‌ರೂಮಿನಲ್ಲಿ ಕೂತಿದ್ದಕ್ಕಿಂತ ನಮ್ಮೂರ ಮನೆಯ ತಾರಸಿ ಮೇಲೆ, ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ ಮೊಬೈಲ್ ಹಿಡಿದು ಕೂತಿದ್ದೇ ಜಾಸ್ತಿ. ಮಧುಗಿರಿ ಕಡೆಯ ಹಳ್ಳಿ, ನೆಟ್‌ವರ್ಕ್ ಸಿಗುತ್ತಿದ್ದದ್ದು ಅಲ್ಲೊಂದೇ ಕಡೆ. ಹಾಗಾಗಿ ಕ್ಯಾಂಟೀನು, ಕಾಲೇಜ್ ಡೇ, ಬೀಳ್ಕೊಡುಗೆ ಅಂತೆಲ್ಲ ಬರೆಯೋಕೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಇಂಟರ್ನ್‌ಶಿಪ್ ಬಗ್ಗೆ ಬರೆಯುತ್ತೇನೆ. ಅದರ ಬಗ್ಗೆ ನಮ್ಮ ಬ್ಯಾಚಿನವರು ಯಾರೂ ಸರಿಯಾಗಿ ಬಾಯಿ ಬಿಟ್ಟಿಲ್ಲ.

ಮೊದಲ ವರ್ಷ ಎಲ್ಲ ಚೆನ್ನಾಗೇ ಇತ್ತು. ವಾರಕ್ಕೆ ಎರಡು ದಿನ ಫೀಲ್ಡ್ ವರ್ಕ್. ನನಗೆ ಸಿಕ್ಕಿದ್ದು ತಾಲ್ಲೂಕು ಆಸ್ಪತ್ರೆ. ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಿದ್ದರು, ನಾವು ರೋಗಿಗಳ ಮನೆಯವರ ಪಕ್ಕ ಕೂತು ಕೇಸ್ ಹಿಸ್ಟರಿ ಬರೆದುಕೊಳ್ಳುತ್ತಿದ್ದೆವು. ವಾಪಸ್ ಬರುವಾಗ ಬಸ್ಸಿನ ಹಿಂದಿನ ಸೀಟು ಹಿಡಿದು, ಇವತ್ತು ಯಾರು ಅತ್ತರು, ಯಾವ ಪ್ರಶ್ನೆ ಕೇಳಿ ಯಾರ ಹತ್ತಿರ ಬೈಸಿಕೊಂಡೆವು ಅಂತ ತುಮಕೂರು ಬರೋವರೆಗೂ ಮಾತೇ ಮಾತು. ಕೆಲವು ಸಲ ಸುಮ್ನೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತಿದ್ದೆವು. ಹಾಸ್ಟೆಲ್ ಸೇರೋ ಹೊತ್ತಿಗೆ ತಲೆ ಹಗುರಾಗಿರುತ್ತಿತ್ತು. ಆ ಬಸ್ಸಿನ ಮಾತಿಗೆ ಮಾರ್ಕ್ಸ್ ಇರಲಿಲ್ಲ, ಫೀಲ್ಡ್ ವರ್ಕ್ ಡೈರಿಯಲ್ಲಿ ಜಾಗವೂ ಇರಲಿಲ್ಲ. ಲಾಕ್‌ಡೌನ್ ನಮ್ಮಿಂದ ಕಿತ್ತುಕೊಂಡಿದ್ದು ಅದನ್ನೇ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಆಯಿತು. ಕಾಲೇಜು ಮುಚ್ಚಿತು. ವಾರಕ್ಕಾಗುವಷ್ಟು ಬಟ್ಟೆ ತುಂಬಿಕೊಂಡು ಹಾಸ್ಟೆಲ್ ಬಿಟ್ಟವರಿಗೆ ಮತ್ತೆ ಕ್ಲಾಸ್ ಸಿಕ್ಕಿದ್ದು ನವೆಂಬರ್ 17ಕ್ಕೆ, ಅದೂ ಮೂಗಿಗೆ ಕಡ್ಡಿ ಹಾಕಿಸಿಕೊಂಡು ನೆಗೆಟಿವ್ ರಿಪೋರ್ಟ್ ತಂದವರಿಗೆ ಮಾತ್ರ. ಮಧ್ಯದ ತಿಂಗಳುಗಳ ವೆಬಿನಾರ್ ಸರ್ಟಿಫಿಕೇಟ್‌ಗಳು ಇನ್ನೂ ಫೋನಿನಲ್ಲಿವೆ. ಒಂದರಲ್ಲಾದರೂ ಏನು ಕೇಳಿಸಿಕೊಂಡೆ ಅಂತ ನೆನಪಿಲ್ಲ.

ಕೊನೆಗೆ ಬಂದಿದ್ದು ಬ್ಲಾಕ್ ಪ್ಲೇಸ್‌ಮೆಂಟ್. ಒಂದು ತಿಂಗಳು ಒಂದೇ ಸಂಸ್ಥೆಯಲ್ಲಿದ್ದು ಕೆಲಸ ಕಲಿಯಬೇಕು, ಅದೃಷ್ಟ ಇದ್ದವರಿಗೆ ಅಲ್ಲೇ ನೌಕರಿಯೂ ಆಗುತ್ತದೆ. ಬೆಂಗಳೂರಿನ ಒಂದು ಸಂಸ್ಥೆ ನನ್ನನ್ನು ತಗೊಳ್ಳೋಕೆ ಒಪ್ಪಿತ್ತು, ಉಳಿಯೋಕೆ ಪಿಜಿ ಕೂಡ ನೋಡಿಟ್ಟಿದ್ದೆ. 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಮತ್ತೆ ಬಂದ್. ಈ ವರ್ಷ ವಿದ್ಯಾರ್ಥಿಗಳನ್ನು ತಗೊಳ್ಳುತ್ತಿಲ್ಲ ಅಂತ ಅವರಿಂದ ಎರಡು ಸಾಲಿನ ಮೇಲ್ ಬಂತು. ಇನ್ನೊಂದು ಕಡೆಯವರು ಆನ್‌ಲೈನ್ ಇಂಟರ್ನ್‌ಶಿಪ್ ಕೊಡ್ತೀವಿ, ಫೀಸ್ ಕಟ್ಟಿ ಅಂದರು. ಕೆಲಸ ಮಾಡೋರೂ ನಾವೇ, ದುಡ್ಡು ಕೊಡೋರೂ ನಾವೇ! ಆದರೆ ಡೈರಿಯಲ್ಲಿ ಗಂಟೆ ತುಂಬದಿದ್ದರೆ ಡಿಗ್ರಿ ಇಲ್ಲ.

ಮೇಡಂ ಅವರಿವರಿಗೆ ಫೋನ್ ಮಾಡಿ, ಹೋಂ ಐಸೊಲೇಶನ್‌ನಲ್ಲಿದ್ದವರನ್ನು ವಿಚಾರಿಸಿಕೊಳ್ಳುವ ಕೆಲಸ ಕೊಡಿಸಿದರು. ಬೆಳಿಗ್ಗೆ ವಾಟ್ಸಾಪ್‌ಗೆ ಎಕ್ಸೆಲ್ ಶೀಟ್ ಬರುತ್ತಿತ್ತು. ಜ್ವರ ಇದೆಯಾ, ಮಾತ್ರೆ ತಗೊಂಡ್ರಾ, ಆಕ್ಸಿಜನ್ ಎಷ್ಟಿದೆ. 94ಕ್ಕಿಂತ ಕಡಿಮೆ ಅಂದರೆ ತಕ್ಷಣ ಆಸ್ಪತ್ರೆಯವರಿಗೆ ತಿಳಿಸಬೇಕು. ಕೊನೆಯ ಕಾಲಂ ಮಾನಸಿಕ ಸ್ಥಿತಿ. ಚೆನ್ನಾಗಿದೆ, ಚೆನ್ನಾಗಿಲ್ಲ, ಎರಡೇ ಆಯ್ಕೆ.

ಒಬ್ಬ ಹೆಂಗಸು, ಊರಿನ ಹೆಸರು ಬೇಡ. ಗಂಡ ಆಸ್ಪತ್ರೆಯಲ್ಲಿ, ಮಗ ಬೆಂಗಳೂರಲ್ಲಿ, ಮನೆಯಲ್ಲಿ ಈಕೆ ಮತ್ತು ಎರಡು ಸೀಮೆಹಸು. ಆಕ್ಸಿಜನ್ ಎಷ್ಟಮ್ಮ ಅಂದರೆ, “ಅದಿರ್ಲಿ ಕಣವ್ವ, ಡೈರಿಯೋರು ನಮ್ಮನೆ ಹಾಲು ಹಾಕುಸ್ಕೊಳ್ತಿಲ್ಲ. ಕರೀದೆ ಬಿಟ್ರೆ ಕೆಚ್ಚಲು ಬಾವು ಬತ್ತದೆ. ಕರ್ದು ಮೋರಿಗೆ ಸುರೀತಾ ಇದೀನಿ” ಅಂದರು. ಮೈಮೇಲೆ ಜ್ವರ ಇಟ್ಟುಕೊಂಡು ದಿನಾ ಎರಡು ಹೊತ್ತು ಹಾಲು ಕರೆದು ಚೆಲ್ಲುತ್ತಿದ್ದರು. ಇದನ್ನು ಯಾವ ಕಾಲಂಗೆ ಹಾಕಲಿ ಹೇಳಿ? ನಮ್ಮನೆಯಲ್ಲೂ ಹಸು ಇದ್ದವು, ಹಾಗಾಗಿ ಹಾಲಿನ ಬಗ್ಗೆಯೇ ಮಾತಾಡಿದೆ. ಹೆಪ್ಪು ಹಾಕಿ, ಬೆಣ್ಣೆ ತೆಗೆದು, ತುಪ್ಪ ಕಾಯಿಸಿಡಿ ಅಂದೆ. ಮಾರನೇ ದಿನ ನಾನು ಕೇಳೋ ಮೊದಲೇ ಆಕ್ಸಿಜನ್ ನಂಬರ್ ಹೇಳಿ, ಬೆಣ್ಣೆ ಎಷ್ಟು ಬಂತು ಅಂತಲೂ ಹೇಳಿದರು. ರ‍್ಯಾಪೋ, ಅಂದರೆ ಎದುರಿನವರ ನಂಬಿಕೆ ಗಳಿಸೋದರ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ, ಅದಕ್ಕೆ ಬೆಣ್ಣೆಯೂ ದಾರಿ ಅಂತ ಯಾವ ನೋಟ್ಸ್‌ನಲ್ಲೂ ಇರಲಿಲ್ಲ.

ಎಲ್ಲ ಫೋನೂ ಹೀಗೆ ಮುಗಿಯುತ್ತಿರಲಿಲ್ಲ. ಹಿಂದಿನ ದಿನ ಪರವಾಗಿಲ್ಲ ಮೇಡಂ ಅಂದಿದ್ದವರ ನಂಬರಿಗೆ ಮಾಡಿದರೆ ಮಗ ಎತ್ತಿಕೊಂಡು, “ಅಪ್ಪ ಹೋಗ್ಬುಟ್ರು, ಇನ್ಮೇಲೆ ಮಾಡ್ಬೇಡಿ” ಅಂತ ಇಟ್ಟುಬಿಟ್ಟ. ಶೀಟಿನಲ್ಲಿ ಅದರ ಕೆಳಗೇ ಇನ್ನೊಂದು ನಂಬರ್. ಕೆಳಗೆ ಅಡುಗೆಮನೆಯಲ್ಲಿ ಅಮ್ಮ ಮುದ್ದೆ ತಿರುವುತ್ತಿರುತ್ತಿದ್ದಳು, ಅವಳಿಗೆ ಹೇಳೋ ಹಾಗಿಲ್ಲ. ರೋಗಿಯ ಮಾತು ಹೊರಗೆ ಆಡಬಾರದು ಅಂತ ಪಾಠ ಆಗಿದೆ, ಆಡಿದರೆ ಅವಳಿಗೂ ಭಯ. ನನಗೆ ನಿದ್ದೆ ಹೋಯಿತು. ಮನೆಯಲ್ಲಿ ಯಾರ ಫೋನ್ ರಿಂಗ್ ಆದರೂ ಎದೆ ಧಸಕ್ ಅನ್ನುತ್ತಿತ್ತು. ತಮಾಷೆ ನೋಡಿ, ನಿಮ್ಹಾನ್ಸ್ ಸಹಾಯವಾಣಿಯ 080-46110007 ಬರೆದುಕೊಳ್ಳಿ ಅಂತ ಕಂಡಕಂಡವರಿಗೆ ಒಪ್ಪಿಸುತ್ತಿದ್ದ ನಮ್ಮಲ್ಲಿ ಒಬ್ಬರಿಗೂ ಅದಕ್ಕೆ ನಾವೇ ಫೋನ್ ಮಾಡಬಹುದು ಅಂತ ಹೊಳೆಯಲಿಲ್ಲ. 2020ರ ಜುಲೈನಲ್ಲೇ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ಮನೋದರ್ಪಣ ಅನ್ನೋ ಮಾನಸಿಕ ನೆರವಿನ ಕಾರ್ಯಕ್ರಮ ಶುರು ಮಾಡಿತ್ತು. ಅದು ನಮಗೆ ಗೊತ್ತಾಗಿದ್ದು ಪರೀಕ್ಷೆಗೆ ಓದುವಾಗ!

ನಮ್ಮನ್ನು ಕಾಪಾಡಿದ್ದು ಶನಿವಾರದ ಜಿಸಿ. ಗ್ರೂಪ್ ಕಾನ್ಫರೆನ್ಸ್ ಅಂದರೆ ಒಬ್ಬೊಬ್ಬರೇ ರಿಪೋರ್ಟ್ ಒಪ್ಪಿಸಿ ಸಹಿ ಹಾಕಿಸಿಕೊಳ್ಳೋದು. ಮೇಡಂ ಮಾತ್ರ ಮೊದಲ ಅರ್ಧ ಗಂಟೆ ರಿಪೋರ್ಟ್ ಸುದ್ದಿ ಎತ್ತೋ ಹಾಗಿಲ್ಲ ಅಂದರು. “ಕ್ಯಾಮೆರಾ ಆಫ್ ಮಾಡ್ಕೊಳ್ರೋ, ಡೇಟಾ ಉಳೀಲಿ. ಈ ವಾರ ಯಾವ ಫೋನು ತಲೆಯಿಂದ ಹೋಗ್ತಿಲ್ಲ, ಅದನ್ನ ಹೇಳಿ.” ಬಸ್ಸಿನ ಹಿಂದಿನ ಸೀಟಿನ ಮಾತು ಹೀಗೆ ಮೊಬೈಲಿಗೆ ಬಂತು. ಒಬ್ಬಳು ಪೂರ್ತಿ ಅರ್ಧ ಗಂಟೆ ಅತ್ತಿದ್ದೂ ಉಂಟು, ಯಾರೂ ಮಧ್ಯೆ ಬಾಯಿ ಹಾಕಲಿಲ್ಲ.

ಪಾವಗಡದ ನಮ್ಮ ಗೆಳೆಯ ಜೂನ್‌ನಲ್ಲಿ ನರೇಗಾದ ಬದು ಕೆಲಸಕ್ಕೆ ಹೋಗುತ್ತಿದ್ದ. ದಿನಕ್ಕೆ 289 ರೂಪಾಯಿ, ಮನೆ ನಡೆಯಬೇಕಲ್ವಾ. ಜಿಸಿಗೆ ಅಲ್ಲಿಂದಲೇ ಸೇರುತ್ತಿದ್ದ, ಹಿಂದೆ ಸನಿಕೆ ಸದ್ದು. ಒಂದು ಶನಿವಾರ, “ಮೇಡಂ, ನಾನು ಇನ್ನೊಬ್ರಿಗೆ ಧೈರ್ಯ ಹೇಳೋ ಸ್ಥಿತೀಲಿಲ್ಲ. ಎಂಎಸ್‌ಡಬ್ಲ್ಯೂ ಓದಿ ಮಣ್ಣು ಹೊರ್ತಿದೀನಿ” ಅಂದ. ಮೇಡಂ ಸಮಾಧಾನದ ಮಾತು ಆಡಲಿಲ್ಲ. ಅವನ ಪಟ್ಟಿಯನ್ನು ಅಲ್ಲೇ ನಮಗೆ ಹಂಚಿದರು. ನಿನ್ನ ಜೊತೆ ಕೆಲಸ ಮಾಡೋರು ಲಾಕ್‌ಡೌನ್‌ನಲ್ಲಿ ಹೇಗೆ ಬದುಕಿದರು ಅಂತ ಕೇಳಿ ಬರ್ಕೊಂಡು ಬಾ, ಅದೇ ನಿನ್ನ ಫೀಲ್ಡ್ ವರ್ಕ್ ಅಂದರು. ವೈವಾದಲ್ಲಿ ಎಲ್ಲರಿಗಿಂತ ಜಾಸ್ತಿ ಹೊತ್ತು ಮಾತಾಡಿದವನು ಅವನೇ.

ಈಗ ನಾನು ತುಮಕೂರಿನಲ್ಲೇ ಒಂದು ಕಡೆ ಆಪ್ತ ಸಮಾಲೋಚಕಿ. ಫೀಲ್ಡ್ ವರ್ಕ್ ಮಕ್ಕಳು ನನ್ನ ಹತ್ತಿರವೂ ಬರುತ್ತಾರೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ಇದು ನಿಮಗೂ ಸೇರಿ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ. ಜಿಸಿ ನಡೀತಿದೆಯಾ ಅಂದರೆ ಮಾತ್ರ, ಡೈರಿ ಕೊಟ್ಟು ಸಹಿ ಹಾಕಿಸ್ಕೊಂಡ್ ಬರ್ತೀವಿ ಮೇಡಂ ಅಂತಾರೆ. ಇದು ನನಗೆ ಸರಿ ಕಾಣೋದಿಲ್ಲ. ಟೈಮ್‌ಟೇಬಲ್‌ನಲ್ಲಿ ವಾರಕ್ಕೊಂದು ಪೀರಿಯಡ್ ಇಂಥ ಜಿಸಿಗೇ ಅಂತ ಬಿಡಿ. ಕರೆದರೆ ನಾನೂ ಬಂದು ಕೂರುತ್ತೇನೆ. ಪಾವಗಡದವನೂ ಬರುತ್ತಾನಂತೆ, ಅವನು ಆಮೇಲೆ ತಾಲ್ಲೂಕು ಪಂಚಾಯಿತಿಯಲ್ಲಿ ನರೇಗಾ ಐಇಸಿ ಸಂಯೋಜಕನಾದ, ಅಂದರೆ ಯೋಜನೆಯ ಬಗ್ಗೆ ಜನರಿಗೆ ತಿಳಿಸಿಕೊಡೋ ಕೆಲಸ. ಬಸ್ ಚಾರ್ಜು ಮತ್ತು ತಟ್ಟೆ ಇಡ್ಲಿ ಕಾಲೇಜಿನದು ಅಂತ ಈಗಲೇ ಹೇಳಿಟ್ಟಿದ್ದಾನೆ.