ಆರಿದ್ರಾ ಮಳೆ ಯಾವ ಕಾಲಂನಲ್ಲಿದೆ?

ನನ್ನ ಅಕ್ಕನ ಮಗಳು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ತೊಗರಿ ಬಿತ್ತನೆಗೂ ಮುಂಗಾರಿಗೂ ಇರುವ ನಂಟಿನ ಮೇಲೆ ಅವಳ ಪ್ರಾಜೆಕ್ಟ್. ಹಳೆಯ ಮಳೆ ಲೆಕ್ಕ ಬೇಕಿತ್ತು. ಭಾನುವಾರ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೇ ಬಂದಳು.

ನಾಸಾದ ‘ಪವರ್’ ತಾಣ ತೆರೆದೆವು. ದುಡ್ಡು ಬೇಡ, ಲಾಗಿನ್ ಬೇಡ. 1981ರಿಂದ ಈಚಿನ ಪ್ರತಿ ದಿನದ ಮಳೆ, ಉಷ್ಣಾಂಶ, ಗಾಳಿ ಎಲ್ಲಾ ಸಿಗುತ್ತದೆ. ಜಾಗದ ಅಕ್ಷಾಂಶ, ರೇಖಾಂಶ ಕೊಟ್ಟರೆ ಸಾಕು. ಹಳ್ಳಿಯ ಹುಡುಗಿಯೊಬ್ಬಳು ಮನೆಯಲ್ಲೇ ಕೂತು ಇಷ್ಟು ಮಾಹಿತಿ ಪಡೆಯಬಹುದು ಅನ್ನೋದು ನನಗೆ ನಿಜಕ್ಕೂ ದೊಡ್ಡ ಮಾತು.

ತೊಡಕು ಶುರುವಾಗಿದ್ದು ಫೈಲ್ ಕೈಗೆ ಬಂದ ಮೇಲೆ. ಮಳೆಯ ಕಾಲಂಗೆ ‘ಪ್ರೆಕ್‌ಟಾಟ್‌ಕಾರ್’ (PRECTOTCORR, ಅಂದರೆ ತಿದ್ದಿದ ಒಟ್ಟು ಮಳೆ) ಅಂತ ಹೆಸರು. ತಾರೀಖು ಇರಲಿಲ್ಲ. ವರ್ಷ, ಅದರ ಪಕ್ಕ ವರ್ಷದ ಎಷ್ಟನೇ ದಿನ ಅನ್ನುವ ಸಂಖ್ಯೆ. 172 ಅಂದರೆ ಜೂನ್ 21, ಅಧಿಕ ವರ್ಷವಾದರೆ ಜೂನ್ 20. ಎಕ್ಸೆಲ್‌ನಲ್ಲಿ ‘ಡೇಟ್’ ಸೂತ್ರಕ್ಕೆ ವರ್ಷ, 1, ದಿನದ ಸಂಖ್ಯೆ ಕೊಟ್ಟರೆ ತಾರೀಖು ಬಂದುಬಿಡುತ್ತದೆ. ಆದರೆ ಇದನ್ನು ಯಾರಾದರೂ ಹೇಳಿಕೊಡಬೇಕು, ಅಲ್ವಾ?

ಈ ಹಂಗಾಮಿನ ಮಳೆ ಕೂಡಿಸಿದಾಗ ಅವಳು ಗಾಬರಿಯಾದಳು.

“ಮಾಮಾ, ಮಳಿ ಮೈನಸ್ ಹೆಂಗ ಬರ್ತದ?”

ಕೊನೆಯ ಸಾಲುಗಳಲ್ಲಿ -999 ಇತ್ತು. ಆ ದಿನಗಳ ಮಾಹಿತಿ ಇನ್ನೂ ಬಂದಿಲ್ಲ ಅಂತ ಅದರ ಅರ್ಥ. ಫೈಲಿನ ತಲೆಯಲ್ಲೇ ಇದನ್ನು ಬರೆದಿರುತ್ತಾರೆ. ವಿಜ್ಞಾನದ ಎಷ್ಟೋ ದತ್ತಾಂಶಗಳಲ್ಲಿ ಇದೇ ರೂಢಿ. ಪ್ರೋಗ್ರಾಂ ಬರೆಯುವವರಿಗೆ ಇದು ಅನುಕೂಲ. ಕೂಡಿಸಿ ಕಳೆಯುವವರಿಗೆ ಆ ಜಾಗ ಖಾಲಿ ಇದ್ದರೇ ಒಳ್ಳೆಯದು. ಇಲ್ಲದ್ದು ಇಲ್ಲದ ಹಾಗೇ ಕಾಣಬೇಕು. ಮಳೆ ಇಷ್ಟು ಅಂತ ಹೇಳುವ ಕಾಲಂನಲ್ಲೇ ‘ಗೊತ್ತಿಲ್ಲ’ ಅನ್ನೋದಕ್ಕೂ ಒಂದು ಅಂಕಿ ಹಾಕಬಾರದು. ಇಲ್ಲಿ ಮೊತ್ತ ಮೈನಸ್ ಆಗಿದ್ದಕ್ಕೆ ಸಿಕ್ಕಿಬಿತ್ತು. ಹಲವು ವರ್ಷಗಳನ್ನು ಒಟ್ಟಿಗೆ ಕೂಡಿಸಿದ್ದರೆ ಒಂದೆರಡು ಸಾವಿರ ಮಿಲಿಮೀಟರ್ ಸುಮ್ನೆ ಕಳೆದುಹೋಗಿ, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅಷ್ಟರಲ್ಲಿ ಅಪ್ಪ ಹೊಲದಿಂದ ಬಂದರು. ಪರದೆ ನೋಡಿ, “ಇದ್ರಾಗ ಆರಿದ್ರಾ ಮಳಿ ಯಾವ್ದವಾ?” ಅಂದರು. ಮೊಮ್ಮಗಳು ಉತ್ತರ ಹುಡುಕತೊಡಗಿದಳು. ನಮ್ಮ ಕಡೆ ರೈತರು ಮಳೆಯನ್ನು ನಕ್ಷತ್ರದ ಹೆಸರಲ್ಲೇ ಎಣಿಸುತ್ತಾರೆ. ಜೂನ್ ಮೊದಲ ವಾರ ಕಳೆದ ಮೇಲೆ ಮಿರಗಾ (ಮೃಗಶಿರಾ), ಜೂನ್ 21-22ರ ಹೊತ್ತಿಗೆ ಆರಿದ್ರಾ. ಒಂದೊಂದಕ್ಕೆ 13-14 ದಿನ. ಬಿತ್ತನೆಯ ಮಾತೆಲ್ಲ ಈ ಹೆಸರುಗಳಲ್ಲೇ ನಡೆಯುತ್ತದೆ. ಅವಳು ತಾರೀಖಿನ ಪಕ್ಕ ಇನ್ನೊಂದು ಕಾಲಂ ಮಾಡಿ ಮಳೆಗಳ ಹೆಸರು ತುಂಬಿದಳು. ಆಗ ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಯಾವ ವರ್ಷ ಆರಿದ್ರಾ ಕೈಕೊಟ್ಟಿತ್ತು ಅಂತ ಒಂದೊಂದೇ ಕೇಳುತ್ತಾ ಹೋದರು.

ಒಂದು ವರ್ಷದ ಲೆಕ್ಕ ಅವರಿಗೆ ಒಪ್ಪಿಗೆಯಾಗಲಿಲ್ಲ. “ಆ ವರ್ಷ ನಮ್ಮ ಹೊಲಕ್ಕ ಅಷ್ಟು ಮಳಿ ಎಲ್ಲಿ ಬಂತು?” ಅವರ ಮಾತಿನಲ್ಲಿ ಹುರುಳಿತ್ತು. ಇದು ಮಳೆಮಾಪಕದಲ್ಲಿ ಅಳೆದ ಮಳೆಯಲ್ಲ. ಉಪಗ್ರಹ ಮತ್ತು ಹವಾಮಾನ ಮಾದರಿಗಳಿಂದ ಲೆಕ್ಕ ಹಾಕಿದ್ದು. ಅದೂ ನೆಲವನ್ನು ಚೌಕಗಳಾಗಿ ಹಂಚಿ, ಚೌಕಕ್ಕೊಂದೇ ಅಂಕಿ. ಒಂದು ಚೌಕವೇ 50 ಕಿಲೋಮೀಟರ್‌ಗೂ ಹೆಚ್ಚು ಅಗಲ. ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲಕ್ಕೆ ಬೀಳದ ಮಳೆ ಅದರಲ್ಲಿ ಕಾಣುವುದಿಲ್ಲ. ನಕ್ಷೆಯಲ್ಲಿ ನಮ್ಮ ಹೊಲದ ಮೇಲೇ ಗುರುತು ಇಡಲು ಬಿಡುವ ತಂತ್ರಾಂಶ, ಬರುವ ಉತ್ತರ ಎಷ್ಟು ದೊಡ್ಡ ಜಾಗದ್ದು ಅಂತ ಅಲ್ಲೇ ಚೌಕ ಬರೆದು ತೋರಿಸಬೇಕು.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳಿವೆ. ಅವುಗಳ ಲೆಕ್ಕವನ್ನೂ ಕೇಳಿ ಪಡೆದು, ಎರಡನ್ನೂ ಅಕ್ಕಪಕ್ಕ ಇಡುತ್ತೇನೆ ಅಂದಳು. ಅಪ್ಪ ನೆನಪಿನಿಂದ ಹೇಳಿದ ಬರದ ವರ್ಷಗಳಿಗೂ ಒಂದು ಕಾಲಂ ಬಿಟ್ಟಿದ್ದಾಳೆ.