ದಿಯುವಿನ ಗುಡ್ಡದ ಮೇಲೆ ಖುಕ್ರಿ

ಸೋಮನಾಥ ನೋಡ್ಕೊಂಡು ಕೋಡಿನಾರ್, ಊನಾ ಮೇಲೆ ಬಂದ್ರೆ ದಿಯು ಸಿಗುತ್ತೆ, ಎರಡು ಗಂಟೆ ಚಿಲ್ಲರೆ ದಾರಿ. ಹೆಚ್ಚಿನವರು ಬರೋದು ನಾಗೋವಾ ಬೀಚಿಗೆ, ಇಲ್ಲಾಂದ್ರೆ ಪೋರ್ಚುಗೀಸರ ಕೋಟೆಗೆ. ಕೋಟೆ ನಿಜಕ್ಕೂ ನೋಡೋ ಹಾಗಿದೆ, ಅದರ ಬಗ್ಗೆ ಬರೆದೋರು ಬೇಕಾದಷ್ಟು ಜನ ಇದಾರೆ. ನನಗೆ ಬರೀಲೇಬೇಕು ಅನ್ಸಿದ್ದು ಚಕ್ರತೀರ್ಥ ಬೀಚ್ ಹತ್ರದ ಐಎನ್ಎಸ್ ಖುಕ್ರಿ ಸ್ಮಾರಕದ ಬಗ್ಗೆ, 1971ರ ಯುದ್ಧದಲ್ಲಿ ಮುಳುಗಿದ ನಮ್ಮ ಯುದ್ಧನೌಕೆ ಅದು.

ಆಟೋದವರು "ಶಾಮ್ ಕೋ ಜಾಯಿಯೇ, ಸನ್‌ಸೆಟ್ ಪಾಯಿಂಟ್ ಹೈ" ಅಂದ್ರು. ಸಂಜೆ ಹೋದ್ವಿ, ಸೂರ್ಯಾಸ್ತ ನೋಡೋ ರಶ್ಶಿನಲ್ಲಿ ನಿಂತು ಓದೋಕೇ ಆಗ್ಲಿಲ್ಲ, ಅದಕ್ಕೆ ಮಾರನೇ ದಿನ ಬೆಳಿಗ್ಗೆ ಮತ್ತೆ ಹೋದೆ. ಗುಡ್ಡದ ಮೇಲೆ ಗಾಜಿನ ಗೂಡಿನೊಳಗೆ ಖುಕ್ರಿಯ ಮಾದರಿ ಇದೆ, ಎದುರಿಗೆ ಅರಬ್ಬೀ ಸಮುದ್ರ ಬಿಟ್ರೆ ಬೇರೇನೂ ಇಲ್ಲ. ನಿಜವಾದ ಖುಕ್ರಿ ಇರೋದು ಇಲ್ಲಿಂದ ಸುಮಾರು 40 ನಾಟಿಕಲ್ ಮೈಲಿ ಆಚೆ, ಅಂದ್ರೆ 74 ಕಿಲೋಮೀಟರ್ ದೂರದಲ್ಲಿ, ನೀರಿನ ತಳದಲ್ಲಿ, ಅದರ ಜೊತೆ ಹೋದವರೂ ಅಲ್ಲೇ.

1971ರ ಯುದ್ಧ ಅಂದ್ರೆ ನಮಗೆಲ್ಲ ನೆನಪಾಗೋದು ಡಿಸೆಂಬರ್ 4ರ ರಾತ್ರಿಯ ಕರಾಚಿ ದಾಳಿ, ಆ ದಿನವನ್ನೇ ನೌಕಾಪಡೆ ದಿನ ಅಂತ ಆಚರಿಸ್ತೀವಿ. ಅದಾಗಿ ಐದೇ ದಿನಕ್ಕೆ, ಡಿಸೆಂಬರ್ 9ರ ರಾತ್ರಿ ಖುಕ್ರಿ ಮುಳುಗಿತು. ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ಈ ಕಡೆ ಸುಳಿದಾಡ್ತಿದೆ ಅಂತ ಸುಳಿವು ಸಿಕ್ಕಿ, ಅದನ್ನ ಹುಡುಕಿ ಹೊಡೆಯೋಕೆ ಅಂತಾನೇ ಖುಕ್ರಿ ಮತ್ತೆ ಕಿರ್ಪಾಣ್ ಅನ್ನೋ ಇನ್ನೊಂದು ಯುದ್ಧನೌಕೆ ಮುಂಬೈಯಿಂದ ಹೊರಟಿದ್ವು. ಖುಕ್ರಿ ಬ್ರಿಟನ್ನಿನಲ್ಲಿ ಕಟ್ಟಿದ ಫ್ರಿಗೇಟ್, ಜಲಾಂತರ್ಗಾಮಿ ಬೇಟೆಗೇ ಮಾಡಿದ್ದು, ಆದ್ರೆ ಹ್ಯಾಂಗೋರ್ ಇವರಿಗಿಂತ ಹೊಸದು, ಅದರ ಸೋನಾರ್ (ಶಬ್ದದಿಂದ ನೀರಲ್ಲಿರೋ ಹಡಗು ಪತ್ತೆ ಮಾಡೋ ಯಂತ್ರ) ಇವರದ್ದಕ್ಕಿಂತ ದೂರದಿಂದ ಕೇಳಿಸ್ಕೊಳ್ತಿತ್ತು. ಸಾಲದ್ದಕ್ಕೆ ನಮ್ಮ ಪಶ್ಚಿಮ ಕರಾವಳಿಯ ಸಮುದ್ರದಲ್ಲಿ ಮೇಲಿನ ನೀರು ಬಿಸಿ, ಕೆಳಗಿನದು ತಣ್ಣಗೆ, ಸೋನಾರ್ ಬಿಡೋ ಶಬ್ದ ಈ ಪದರಗಳಲ್ಲಿ ಬಾಗಿ ಎಲ್ಲೆಲ್ಲೋ ಹೋಗ್ಬಿಡುತ್ತೆ, ಆಳದಲ್ಲಿ ಅಡಗಿರೋರಿಗೆ ಅದೇ ಅನುಕೂಲ. ಮೊದಲ ಟಾರ್ಪಿಡೋ ಕಿರ್ಪಾಣ್ ಮೇಲೆ ಬಿಟ್ಟಿದ್ದು ಕೆಲಸ ಮಾಡ್ಲಿಲ್ಲ. ಎರಡನೇದು ಖುಕ್ರಿಗೆ ಬಡೀತು. ಕೆಲವೇ ನಿಮಿಷ, ಅಷ್ಟೇ. 18 ಅಧಿಕಾರಿಗಳು, 176 ನಾವಿಕರು ಹೋದ್ರು. ಎರಡನೇ ಮಹಾಯುದ್ಧದ ಮೇಲೆ ಜಲಾಂತರ್ಗಾಮಿ ಒಂದು ಯುದ್ಧನೌಕೆಯನ್ನ ಮುಳುಗಿಸಿದ್ದು ಅದೇ ಮೊದಲು.

ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ಲೈಫ್ ಜಾಕೆಟ್ಟನ್ನ ಒಬ್ಬ ನಾವಿಕನಿಗೆ ಕೊಟ್ಟು, ತಾವು ಹಡಗಿನ ಜೊತೆಗೇ ಹೋದ್ರು, ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಇಲ್ಲಿಗೆ ಬಂದೋರೆಲ್ಲ ಈ ಕಥೆ ಹೇಳ್ತಾರೆ, ಹೇಳಲೇಬೇಕು ಕೂಡ. ಆದ್ರೆ ಅಲ್ಲಿ ಕೆತ್ತಿರೋ ಹೆಸರುಗಳನ್ನ ಒಂದೊಂದಾಗಿ ಓದ್ತಾ ಹೋದಾಗ ನನ್ನ ತಲೇಲಿ ಕೂತಿದ್ದು ಕೆಳಗಿನ ಡೆಕ್ಕುಗಳಲ್ಲಿದ್ದೋರು. ಎಂಜಿನ್ ರೂಮು, ಬಾಯ್ಲರ್ ರೂಮು, ಅಡುಗೆಮನೆ, ಇಲ್ಲೆಲ್ಲ ಡ್ಯೂಟಿ ಮಾಡ್ತಿದ್ದೋರಿಗೆ ಹೊರಗಿನ ಕತ್ತಲೂ ಕಾಣ್ತಿರಲಿಲ್ಲ, ಲೈಟ್ ಹೋಗಿ ನೀರು ನುಗ್ಗಿದ ಮೇಲೆ ಏಣಿ ಹತ್ತಿ ಮೇಲೆ ಬರೋಕೆ ಅವರಿಗೆ ಎಷ್ಟು ಹೊತ್ತು ಸಿಕ್ಕಿರುತ್ತೆ ಹೇಳಿ. ಬದುಕಿ ಉಳಿದೋರನ್ನ ಮಾರನೇ ದಿನ ಕಚ್ಚಲ್ ಅನ್ನೋ ಹಡಗು ಬಂದು ಎತ್ಕೊಂಡಿತು. ಸತ್ತೋರ ಮನೆಗಳಿಗೆ ಸುದ್ದಿ ಹೋಯ್ತೇ ಹೊರತು ದೇಹ ಹೋಗ್ಲಿಲ್ಲ. ಸುಡೋಕಿಲ್ಲ, ಹೂಳೋಕಿಲ್ಲ, ವರ್ಷಕ್ಕೊಂದ್ಸಲ ಹೋಗಿ ಕೂತ್ಕೊಳ್ಳೋಕೆ ಒಂದು ಜಾಗ ಅಂತ ಇಲ್ಲ. ಈ ಸ್ಮಾರಕ ಉದ್ಘಾಟನೆ ಆಗಿದ್ದು 1999ರ ಡಿಸೆಂಬರ್‌ನಲ್ಲಿ, ಅಂದ್ರೆ 28 ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಎಷ್ಟು ಅಪ್ಪ ಅಮ್ಮಂದಿರು ಹೋಗಿಬಿಟ್ಟಿರ್ತಾರೋ. ಇದು ಇನ್ನೂ ಬೇಗ ಆಗ್ಬೇಕಿತ್ತು ಅಂತ ನನಗೆ ತುಂಬಾ ಅನ್ಸುತ್ತೆ.

ಹೆಸರು ಮಾತ್ರ ನೌಕಾಪಡೆ ಬಿಡಲಿಲ್ಲ. 1989ರಲ್ಲಿ ಇನ್ನೊಂದು ಖುಕ್ರಿ ಬಂತು, ಈ ಸಲ ಮುಂಬೈನ ಮಜಗಾಂವ್ ಡಾಕ್‌ನಲ್ಲೇ ಕಟ್ಟಿದ್ದು. 32 ವರ್ಷ ಸೇವೆ ಮಾಡಿ 2021ರ ಡಿಸೆಂಬರ್‌ನಲ್ಲಿ ನಿವೃತ್ತಿ ಆಯ್ತು, ಅದನ್ನ ಗುಜರಿಗೆ ಹಾಕದೆ 2022ರ ಜನವರಿ 26ಕ್ಕೆ ದಿಯು ಆಡಳಿತಕ್ಕೆ ಕೊಟ್ರು, ಮ್ಯೂಸಿಯಂ ಮಾಡೋಕೆ. ಹಳೇ ಖುಕ್ರಿ ಮುಳುಗಿದ ಕಡಲಿನ ದಡಕ್ಕೇ ಹೊಸದು ಬಂತಲ್ಲ, ಇದನ್ನ ಯೋಚಿಸಿದವರಿಗೆ ನನ್ನ ನಮಸ್ಕಾರ.

ನೀವು ಹೋಗೋದಾದ್ರೆ ಬೆಳಿಗ್ಗೆ ಹೋಗಿ, ಬಿಸಿಲು ಏರೋ ಮುಂಚೆ, ನೆರಳು ಕಡಿಮೆ ಇದೆ. ಮಕ್ಕಳಿದ್ರೆ ಮೊದಲು ಕಥೆ ಹೇಳಿ ಆಮೇಲೆ ಮೇಲೆ ಕರ್ಕೊಂಡು ಹೋಗಿ, ಇಲ್ಲಾಂದ್ರೆ ಅವರಿಗೆ ಅದು ಗಾಜಿನೊಳಗಿನ ಗೊಂಬೆ ಹಡಗು ಅಷ್ಟೇ. ಫೋಟೋ ತೆಗೀರಿ, ತಪ್ಪೇನಿಲ್ಲ, ಆದ್ರೆ ಹೆಸರುಗಳನ್ನ ಪೂರ್ತಿ ಓದಿ, ಅಧಿಕಾರಿಗಳದ್ದು ಮುಗೀತು ಅಂತ ನಿಲ್ಲಿಸ್ಬೇಡಿ.